ಹೆಲ್ಪ್ ಫೈಲಿನ ‘ಇಫ್’: ತಪ್ಪು ಕಲ್ಪನೆ ಮತ್ತು ವಾಸ್ತವ

ವಿಂಡೋಸ್ 95ರ ಕಾಲದಲ್ಲಿ ಎಫ್1 ಒತ್ತಿದರೆ ತೆರೆದುಕೊಳ್ಳುತ್ತಿದ್ದ ಸಹಾಯ ಪುಟಗಳನ್ನು ತೋರಿಸುತ್ತಿದ್ದದ್ದು ವಿನ್‌ಹೆಲ್ಪ್. ಅದಕ್ಕೆ ತನ್ನದೇ ಪುಟ್ಟ ಮ್ಯಾಕ್ರೊ ಭಾಷೆಯಿತ್ತು. ಹಳೆಯ ಸಾಫ್ಟ್‌ವೇರ್ ನೋಡಿಕೊಳ್ಳುವವರ ಕೈಗೆ ಇಂಥ ‘ಎಚ್‌ಎಲ್‌ಪಿ’ ಫೈಲುಗಳು ಈಗಲೂ ಬಂದು ಬೀಳುತ್ತವೆ. ಬೇರೆ ಭಾಷೆಗಳಲ್ಲಿ ಪಳಗಿದವರೇ ಅವುಗಳಲ್ಲಿನ ಷರತ್ತಿನ ಆಜ್ಞೆಗಳನ್ನು ಹೆಚ್ಚು ತಪ್ಪಾಗಿ ಓದುತ್ತಾರೆ.

ತಪ್ಪು ಕಲ್ಪನೆ: ಸೇವ್‌ಮಾರ್ಕ್ ಎಂಬ ಮ್ಯಾಕ್ರೊ ಎಂದರೆ ವೇರಿಯಬಲ್.

ವಾಸ್ತವ: ಅದು ಜಾಗದ ಗುರುತು. ಓದುಗರು ಆ ಹೊತ್ತಿಗೆ ಯಾವ ಪುಟದಲ್ಲಿದ್ದಾರೋ ಅದಕ್ಕೊಂದು ಹೆಸರಿಟ್ಟುಕೊಳ್ಳುತ್ತದೆ, ಗೋಟುಮಾರ್ಕ್ ಕೊಟ್ಟರೆ ಅಲ್ಲಿಗೇ ಮರಳಿಸುತ್ತದೆ. ಅಂಕಿಯನ್ನಾಗಲಿ ಪಠ್ಯವನ್ನಾಗಲಿ ಅದರಲ್ಲಿ ತುಂಬಿಡಲು ಬರುವುದಿಲ್ಲ. ಆದರೆ ಆ ಹೆಸರಿನ ಗುರುತು ಇದೆಯೇ ಎಂದು ಈಸ್‌ಮಾರ್ಕ್ ಕೇಳಬಲ್ಲದು. ಈ ಹೌದು–ಇಲ್ಲವನ್ನೇ ಹಿಡಿದುಕೊಂಡು ಹೆಲ್ಪ್ ಬರೆಯುವವರು ದಾರಿ ಕವಲೊಡೆಸಿದರು. ಮೊದಲ ಪಾಠದ ಪುಟ ತೆರೆದೊಡನೆ ‘ನೋಡಿದೆ’ ಎಂಬ ಗುರುತು ಬೀಳುವಂತೆ ಮಾಡಿ, ಬಟನ್ನಿನಲ್ಲಿ ಹೀಗೆ ಬರೆದರಾಯಿತು:

ಇಫ್‌ದೆನ್‌ಎಲ್ಸ್(ಈಸ್‌ಮಾರ್ಕ್("ನೋಡಿದೆ"), "ಜಂಪ್‌ಐಡಿ(`ಲೆಕ್ಕ.ಎಚ್‌ಎಲ್‌ಪಿ', `ಪಾಠ2')", "ಜಂಪ್‌ಐಡಿ(`ಲೆಕ್ಕ.ಎಚ್‌ಎಲ್‌ಪಿ', `ಪಾಠ1')")

ಮೊದಲ ಪಾಠ ನೋಡಿದವರು ನೇರ ಎರಡನೆಯದಕ್ಕೆ ಹೋಗುತ್ತಾರೆ. ಒಳಗಿನ ಉದ್ಧರಣ ಚಿಹ್ನೆಗಳನ್ನು ಗಮನಿಸಿ: ತೆರೆಯುವುದು ಓರೆ ಗೆರೆಯ `, ಮುಚ್ಚುವುದು ನೆಟ್ಟಗಿನ '. ಯಾರ ತಲೆಯಲ್ಲಿ ಹೊಳೆಯಿತೋ ಕಾಣೆ, ಕಣ್ಣಿಗಂತೂ ಶಿಕ್ಷೆ.

ತಪ್ಪು ಕಲ್ಪನೆ: ಒಮ್ಮೆ ಹಾಕಿದ ಗುರುತು ನಾಳೆಯೂ ಇರುತ್ತದೆ.

ವಾಸ್ತವ: ಹೆಲ್ಪ್ ಮುಚ್ಚಿದರೆ ಗುರುತೂ ಹೋಯಿತು.

ತಪ್ಪು ಕಲ್ಪನೆ: ಇಫ್‌ದೆನ್ ಬಳಸಿ ಪುಟದೊಳಗಿನ ಪ್ಯಾರಾವೊಂದನ್ನು ಮರೆಮಾಡಬಹುದು.

ವಾಸ್ತವ: ಇಲ್ಲ. ಷರತ್ತು ನಿಜವಾದರೆ ಇನ್ನೊಂದು ಮ್ಯಾಕ್ರೊ ಓಡುತ್ತದೆ, ಅಷ್ಟೆ. ಹೊಸಬರಿಗೊಂದು ವಿವರಣೆ, ಪಳಗಿದವರಿಗೊಂದು ಬೇಕಿದ್ದರೆ ಎರಡು ಪುಟ ಬರೆದು ಸರಿಯಾದ ಕಡೆಗೆ ಜಿಗಿಸಬೇಕು. ಬಿಲ್ಡ್ ಟ್ಯಾಗ್ ಎಂಬ ನಕ್ಷತ್ರ ಚಿಹ್ನೆಯ ಅಡಿಟಿಪ್ಪಣಿಯನ್ನು ಇದರ ಜೊತೆ ಬೆರೆಸಬಾರದು. ಯಾವ ಪುಟ ಇರಬೇಕು, ಯಾವುದು ಬೇಡ ಎಂಬ ಅದರ ತೀರ್ಮಾನ ಕಂಪೈಲ್ ಮಾಡುವಾಗಲೇ ಮುಗಿದಿರುತ್ತದೆ. ಓದುಗರು ಏನು ಒತ್ತಿದರೂ ಅದು ಬದಲಾಗದು.

ತಪ್ಪು ಕಲ್ಪನೆ: ಹಳೆಯ ಫೈಲನ್ನು ನಂತರದ ಹೆಲ್ಪ್ ರೂಪವಾದ ‘ಸಿಎಚ್‌ಎಂ’ಗೆ ಬದಲಿಸಿದರೆ ಮ್ಯಾಕ್ರೊಗಳೂ ಜೊತೆಗೆ ಬರುತ್ತವೆ.

ವಾಸ್ತವ: ಬರುವುದಿಲ್ಲ. ವಿಸ್ತಾದಿಂದೀಚೆಗೆ ವಿನ್‌ಹೆಲ್ಪ್ ವಿಂಡೋಸ್ ಜೊತೆ ಬರುವುದು ನಿಂತಿತು. ಬೇಕೆಂದವರಿಗೆ ಮೈಕ್ರೋಸಾಫ್ಟ್ ಪ್ರತ್ಯೇಕವಾಗಿ ಕೊಟ್ಟ ಆವೃತ್ತಿಯಲ್ಲೂ ಕೆಲವು ಮ್ಯಾಕ್ರೊಗಳಿಗೆ ಕಡಿವಾಣ ಬಿದ್ದಿತ್ತು. ಸಿಎಚ್‌ಎಂನ ಪುಟಗಳು ಎಚ್‌ಟಿಎಂಎಲ್. ಅಲ್ಲಿ ಪ್ರತಿ ಷರತ್ತನ್ನೂ ಜಾವಾಸ್ಕ್ರಿಪ್ಟ್‌ನಲ್ಲಿ ಹೊಸದಾಗಿ ಬರೆಯಬೇಕು. ಪ್ಯಾರಾ ಮರೆಮಾಡುವ ಆಸೆಯಿದ್ದವರು ಅದನ್ನು ಅಲ್ಲಿ ತೀರಿಸಿಕೊಳ್ಳಬಹುದು.