ಸಿಡಿಯುವ ಮೊದಲೇ ಒಂದು ಚಿತ್ರ!

ಮಕ್ಕಳೇ, ಲೋಟದ ಮೇಲೊಂದು ರಟ್ಟು, ರಟ್ಟಿನ ಮೇಲೊಂದು ನಾಣ್ಯ ಇಟ್ಟು, ರಟ್ಟನ್ನು ಬೆರಳಿನಿಂದ ಫಟ್ಟನೆ ಚಿಮ್ಮಿಸಿದ್ದೀರಾ? ರಟ್ಟು ಹಾರಿಹೋಗುತ್ತದೆ. ನಾಣ್ಯ ಮಾತ್ರ ಲೋಟದೊಳಗೆ ಬೀಳುತ್ತದೆ. ನಿಂತ ವಸ್ತು ತಟ್ಟನೆ ಹೊರಡಲಾರದು, ಇದೇ ಜಡತ್ವ. ವಿಜ್ಞಾನಿಗಳ ಒಂದು ದೊಡ್ಡ ತೊಡಕನ್ನು ಬಿಡಿಸಿದ್ದೂ ಇದೇ ಜಡತ್ವ.

ಪ್ರೋಟೀನಿನ ಒಂದು ಅಣುವಿನ ಗಾತ್ರ ಕೆಲವೇ ನ್ಯಾನೋಮೀಟರ್. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಭಾಗ ಮಾಡಿದರೆ ಒಂದು ಭಾಗವೇ ನ್ಯಾನೋಮೀಟರ್! ಒಂದೇ ಅಣುವಿನ ಚಿತ್ರ ತೆಗೆಯಲು ಬಹಳ ಪ್ರಖರವಾದ ಎಕ್ಸ್-ಕಿರಣ ಬೇಕು. ಆದರೆ ಆ ಕಿರಣ ಪರಮಾಣುಗಳಿಂದ ಎಲೆಕ್ಟ್ರಾನುಗಳನ್ನು ಕಿತ್ತೆಸೆಯುತ್ತದೆ. ಉಳಿದ ಪರಮಾಣುಗಳೆಲ್ಲ ಧನ ಆವೇಶ ಪಡೆಯುತ್ತವೆ. ಒಂದೇ ಬಗೆಯ ಆವೇಶಗಳು ಪರಸ್ಪರ ದೂರ ತಳ್ಳುತ್ತವೆ ಅಲ್ಲವೇ? ಅಣು ಸಿಡಿದು ಚೂರಾಗುತ್ತದೆ. ಇನ್ನು ಚಿತ್ರ ಯಾರದ್ದು ತೆಗೆಯುವುದು?

ಆದರೆ ಸಿಡಿಯುವುದಕ್ಕೂ ಸ್ವಲ್ಪ ಹೊತ್ತು ಬೇಕಲ್ಲ! ಎಲೆಕ್ಟ್ರಾನು ಹಗುರ, ಬೇಗ ಓಡುತ್ತದೆ. ಪರಮಾಣುವಿನ ನ್ಯೂಕ್ಲಿಯಸ್ ಭಾರ. ನಮ್ಮ ನಾಣ್ಯದಂತೆ ತಡವಾಗಿ ಹೊರಡುತ್ತದೆ. ಎಷ್ಟು ತಡ? ಅಳೆಯೋಣವೆಂದರೆ ಅಂಥ ಎಕ್ಸ್-ಕಿರಣ ಲೇಸರ್ ಆಗ ಎಲ್ಲಿಯೂ ಇರಲಿಲ್ಲ. ಸ್ವೀಡನ್ನಿನ ಉಪ್ಸಾಲದ ಯಾನೋಶ್ ಹೈದು ಮತ್ತು ಸಂಗಡಿಗರು ಅಣುವನ್ನು ಕಂಪ್ಯೂಟರಿನೊಳಗೇ ಸಿಡಿಸಿ ನೋಡಿದರು!

ಅವರು ಆರಿಸಿಕೊಂಡದ್ದು ಲೈಸೋಜೈಮ್ ಎಂಬ ಪ್ರೋಟೀನು. ಅದರದೇ ಬಗೆಯದೊಂದು ನಿಮ್ಮ ಕಣ್ಣೀರಿನಲ್ಲೂ ಇದೆ. ಪ್ರತಿ ಪರಮಾಣುವಿನ ಸ್ಥಾನವನ್ನು ಕಂಪ್ಯೂಟರಿಗೆ ಕೊಟ್ಟರು. ಕಿರಣದ ಏಟು ಯಾವ ಪರಮಾಣುವಿಗೆ ಬಿತ್ತು ಎಂಬುದನ್ನು ಕಂಪ್ಯೂಟರು ದಾಳ ಉರುಳಿಸಿದಂತೆ ಆರಿಸಿತು. ಆಮೇಲೆ ಎಳೆತ, ತಳ್ಳುವಿಕೆಗಳ ಲೆಕ್ಕ ಹಾಕಿ ಪರಮಾಣುಗಳನ್ನು ಕೂದಲೆಳೆಗಿಂತ ಎಷ್ಟೋ ಕಡಿಮೆ ಸರಿಸಿತು. ಮತ್ತೆ ಲೆಕ್ಕ, ಮತ್ತೆ ಸರಿಸುವುದು. ಪುಟಪುಟಕ್ಕೂ ಚಿತ್ರ ಬರೆದು ಪುಸ್ತಕವನ್ನು ಸರ್ರನೆ ತಿರುವಿದರೆ ಚಿತ್ರ ಓಡುತ್ತದಲ್ಲ, ಹಾಗೆ. ಇದನ್ನು ಸಿಮ್ಯುಲೇಷನ್ ಎನ್ನುತ್ತಾರೆ.

ಇಲ್ಲಿ ಕಾಲವನ್ನು ಫೆಮ್ಟೊಸೆಕೆಂಡಿನಲ್ಲಿ ಅಳೆಯಬೇಕು. ಒಂದು ಸೆಕೆಂಡಿನಲ್ಲಿ ಭೂಮಿಯನ್ನು ಏಳೂವರೆ ಸುತ್ತು ಹಾಕಬಲ್ಲ ಬೆಳಕು, 25 ಫೆಮ್ಟೊಸೆಕೆಂಡಿನಲ್ಲಿ ತಲೆಗೂದಲಿನ ದಪ್ಪದಷ್ಟು ದೂರವನ್ನೂ ದಾಟದು!

2000ರಲ್ಲಿ ಫಲಿತಾಂಶ ಪ್ರಕಟವಾಯಿತು. 50 ಫೆಮ್ಟೊಸೆಕೆಂಡಿನ ಮಿಡಿತಕ್ಕೆ ಅಣು ಚೆದುರಿತ್ತು. 2 ಫೆಮ್ಟೊಸೆಕೆಂಡಿನ ಮಿಡಿತ ಮುಗಿದಾಗ ಪರಮಾಣುಗಳು ಹೆಚ್ಚುಕಡಿಮೆ ಇದ್ದಲ್ಲೇ ಇದ್ದವು! ಎಂದರೆ ಮಿಡಿತ ಸಾಕಷ್ಟು ಚಿಕ್ಕದಾದರೆ ಸಾಕು, ಸಿಡಿಯುವ ಮುನ್ನ ಚಿತ್ರ ಸಿಗುತ್ತದೆ.

ಕಂಪ್ಯೂಟರು ಹೇಳಿದ್ದು ನಿಜವೇ? 2006ರಲ್ಲಿ ಜರ್ಮನಿಯ ಹ್ಯಾಂಬರ್ಗಿನಲ್ಲಿ, ತೆಳು ಪೊರೆಯೊಂದರಲ್ಲಿ ಪುಟ್ಟ ಮನುಷ್ಯಾಕೃತಿಗಳನ್ನೂ ಸೂರ್ಯನನ್ನೂ ಕೊರೆದು, 25 ಫೆಮ್ಟೊಸೆಕೆಂಡಿನ ಮೃದು ಎಕ್ಸ್-ಕಿರಣದ ಮಿಡಿತವನ್ನು ಹಾಯಿಸಿದರು. ಚಿತ್ರ ಸ್ಪಷ್ಟವಾಗಿ ಬಂತು. ಅದೇ ಜಾಗಕ್ಕೆ ಎರಡನೇ ಮಿಡಿತ ಹಾಯಿಸಿದಾಗ ಮನುಷ್ಯರೂ ಇಲ್ಲ, ಸೂರ್ಯನೂ ಇಲ್ಲ. ಕಂಡದ್ದು ಬರೀ ಒಂದು ತೂತು!