ಜೂಲಿ ಎಂದಾಗ ತಿರುಗಿದ ಕಿವಿ

ಹಾಸನದ ನಮ್ಮ ಮನೆಯ ಜಗಲಿಯಲ್ಲಿ ಕೂತು, ಅವತ್ತು ಸಂಜೆ ನನಗೆ ಗೊತ್ತಿದ್ದ ನಾಯಿ ಹೆಸರುಗಳನ್ನೆಲ್ಲ ಒಂದೊಂದಾಗಿ ಕರೆದೆ. ರಾಣಿ, ಪಿಂಕಿ, ರೋಸಿ, ಬ್ರೌನಿ, ಲಿಲ್ಲಿ. ಗೋಣಿಚೀಲದ ಮೇಲೆ ಮಲಗಿದ್ದ ಹೆಣ್ಣು ಲ್ಯಾಬ್ರಡಾರ್ ಮೂತಿ ಎತ್ತಲಿಲ್ಲ. ‘ಜೂಲಿ’ ಅಂದೆ. ಎಡಗಿವಿ ತಿರುಗಿತು. ಇನ್ನೊಮ್ಮೆ ಕರೆದಾಗ ಬಾಲದ ತುದಿ ಎರಡು ಸಲ ನೆಲಕ್ಕೆ ಬಡಿಯಿತು. ಆಮೇಲೆ ಅದು ಎದ್ದು ಗೇಟಿನವರೆಗೆ ಹೋಗಿ, ರಸ್ತೆ ನೋಡುತ್ತ ಬಹಳ ಹೊತ್ತು ನಿಂತಿತು. ಆ ಹೆಸರಿಟ್ಟವರು ಬಂದಿದ್ದಾರೆ ಅಂದುಕೊಂಡಿರಬೇಕು.

ಅದನ್ನು ಅರಕಲಗೂಡಿನ ಕಡೆಯಿಂದ ತಂದು ಮೂರು ದಿನವಾಗಿತ್ತು. ನಾನು ಅರಕಲಗೂಡು, ಹೊಳೆನರಸೀಪುರ ತಾಲ್ಲೂಕುಗಳಲ್ಲಿ ಪಶು ಪರೀಕ್ಷಕನಾಗಿ ದುಡಿದು ನಿವೃತ್ತನಾದವನು. ಓದಿ ಪದವಿ ಪಡೆದ ವೈದ್ಯನಲ್ಲ. ಆದರೂ ಹಳ್ಳಿಗಳಲ್ಲಿ ಜನ ಈಗಲೂ ಡಾಕ್ಟ್ರೇ ಎಂದೇ ಕರೆಯುತ್ತಾರೆ. ಫೋನ್ ಮಾಡಿದ್ದು ಹಳೇ ಪರಿಚಯದ ಡೇರಿ ಸೆಕ್ರೆಟರಿ. ‘ಯಾರೋ ಒಂದ್ ಜಾತಿ ನಾಯಿ ತಂದು ಹೊಂಗೆಮರಕ್ಕೆ ಕಟ್ಟಾಕಿ ಹೋಗ್ಬಿಟ್ಟವ್ರೆ ಸಾರ್. ರಾತ್ರಿಯೆಲ್ಲ ಮಳೇಲಿ ನೆಂದೈತೆ’ ಅಂದ. ಹೋಗಿ ನೋಡಿದರೆ ಕುತ್ತಿಗೆಗೆ ನೈಲಾನ್ ಹಗ್ಗ. ಪಕ್ಕದಲ್ಲಿ ಒಂದು ಸ್ಟೀಲ್ ಬೋಗುಣಿ, ಬಿಚ್ಚಿಟ್ಟ ಬಿಸ್ಕತ್ತಿನ ಪೊಟ್ಟಣ. ಬಿಟ್ಟುಹೋದವರಿಗೂ ಒಳಗೆ ಸಂಕಟ ಇದ್ದಿರಬೇಕು. ಆ ಬೋಗುಣಿಯನ್ನೂ ಎತ್ತಿಕೊಂಡು ಬಂದೆ.

ಸಾಕಿದ ಪ್ರಾಣಿಯನ್ನು ಸರಿಯಾದ ಕಾರಣವಿಲ್ಲದೆ, ಹಸಿವು ಬಾಯಾರಿಕೆಯಿಂದ ನರಳುವಂತೆ ಬಿಟ್ಟುಹೋಗುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ. ಆದರೆ ಅದರ 11ನೇ ಸೆಕ್ಷನ್ನಿನಲ್ಲಿ ಮೊದಲ ತಪ್ಪಿಗೆ ಬರೆದಿರುವ ದಂಡ 10 ರೂಪಾಯಿಯಿಂದ 50 ರೂಪಾಯಿ. ಇದನ್ನು ಹೆಚ್ಚಿಸಲೇಬೇಕು ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ. ‘ಬೀದಿ ನಾಯಿಗಳ ಜೊತೆ ಹೇಗೋ ಬದುಕಿಕೊಳ್ಳುತ್ತೆ’ ಅನ್ನುವವರಿದ್ದಾರೆ. ಬದುಕುವುದಿಲ್ಲ. ಬೀದಿ ನಾಯಿಗೆ ತನ್ನ ಬೀದಿ ಗೊತ್ತು, ಅನ್ನ ಹಾಕುವ ಮನೆ ಗೊತ್ತು. 2023ರ ಎಬಿಸಿ (ಪ್ರಾಣಿ ಜನನ ನಿಯಂತ್ರಣ) ನಿಯಮಗಳು ಸಂತಾನಹರಣ ಮಾಡಿ, ಲಸಿಕೆ ಹಾಕಿದ ಬೀದಿ ನಾಯಿಯನ್ನು ಹಿಡಿದ ಜಾಗಕ್ಕೇ ಬಿಡಬೇಕು ಅನ್ನುವುದರ ಹಿಂದೆ ಈ ತಿಳಿವಳಿಕೆಯೂ ಇದೆ. ಎಂಟು ವರ್ಷ ಸೋಫಾದ ಬದಿಯಲ್ಲಿ ಮಲಗಿದ ನಾಯಿಗೆ ಯಾವ ಬೀದಿಯೂ ತನ್ನದಲ್ಲ. ಹೋದ ಕಡೆಯೆಲ್ಲ ಅಲ್ಲಿನ ನಾಯಿಗಳು ಮೇಲೆ ಬೀಳುತ್ತವೆ.

ಎಂಟು ವರ್ಷ ಎಂಬ ಲೆಕ್ಕ ನನ್ನದು, ಹಲ್ಲು ನೋಡಿ ಹೇಳಿದ್ದು. ಆರೇಳು ತಿಂಗಳಿಗೆಲ್ಲ ನಾಯಿಯ ಹಾಲುಹಲ್ಲು ಬಿದ್ದು ಪೂರ್ತಿ ಹಲ್ಲು ಬಂದಿರುತ್ತದೆ. ಆಮೇಲೆ ನೋಡಬೇಕಾದ್ದು ಮುಂದಿನ ಹಲ್ಲುಗಳ ಸವೆತ, ದವಡೆ ಹಲ್ಲಿನ ಮೇಲೆ ಕಟ್ಟಿದ ಹಳದಿ ಪಾಚಿ. ಮೂತಿಯ ನರೆಯನ್ನು ನಂಬುವಂತಿಲ್ಲ, ನಾಲ್ಕನೇ ವರ್ಷಕ್ಕೇ ನರೆಯುವವೂ ಇವೆ. ಜೂಲಿಯ ಕಣ್ಣಿನ ಪಾಪೆ ತುಸು ನೀಲಿ ಮಬ್ಬಾಗಿತ್ತು. ಇದನ್ನು ಕಂಡು ಪೊರೆ ಬಂದಿದೆ ಎಂದು ಹೆದರುವವರು ಬಹಳ. ವಯಸ್ಸಾದ ನಾಯಿಗಳಲ್ಲಿ ಮಸೂರ ಗಟ್ಟಿಯಾಗಿ ಹೀಗೆ ಕಾಣುವುದು ಸಾಮಾನ್ಯ. ದೃಷ್ಟಿ ಹೆಚ್ಚೇನೂ ಹೋಗಿರುವುದಿಲ್ಲ.

ಹಾಸನದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಕರೆದೊಯ್ದೆ. ತೂಕ 22 ಕಿಲೋ, ಆ ಮೈಕಟ್ಟಿಗೆ ಕಡಿಮೆ. ರಕ್ತ ಪರೀಕ್ಷೆಯಲ್ಲಿ ಪ್ಲೇಟ್‌ಲೆಟ್ ಇಳಿದಿತ್ತು, ಉಣ್ಣೆಯಿಂದ ಬರುವ ಜ್ವರ. 28 ದಿನ ಡಾಕ್ಸಿಸೈಕ್ಲಿನ್ ಮಾತ್ರೆ. ರೇಬೀಸ್ ಲಸಿಕೆ ಆಯಿತು. ಚೇತರಿಸಿಕೊಂಡ ಮೇಲೆ ಸಂತಾನಹರಣದ ಶಸ್ತ್ರಚಿಕಿತ್ಸೆ. ‘ಇಷ್ಟು ವಯಸ್ಸಿಗೆ ಅದು ಬೇಕಾ?’ ಎಂದು ನಮ್ಮ ಮನೆಯವರೇ ಕೇಳಿದರು. ಬೇಕು. ಆಪರೇಷನ್ ಆಗದ ವಯಸ್ಸಾದ ಹೆಣ್ಣುನಾಯಿಗೆ, ಬೆದೆ ಮುಗಿದ ಕೆಲವು ವಾರಕ್ಕೆ ಗರ್ಭಕೋಶದಲ್ಲಿ ಕೀವು ತುಂಬುವುದುಂಟು. ನೀರು ವಿಪರೀತ ಕುಡಿಯುತ್ತದೆ, ಅನ್ನ ಬಿಡುತ್ತದೆ, ತಡವಾದರೆ ಉಳಿಯುವುದಿಲ್ಲ. ಹೊಸ ಮನೆಯವರ ಕೈಗೆ ಆ ಅಪಾಯವನ್ನು ಕೊಡಬಾರದು.

ಇಷ್ಟೆಲ್ಲ ಸುಲಭ. ಕಷ್ಟದ್ದು ಮನೆ ಹುಡುಕುವುದು. ಬೆಂಗಳೂರಿನಲ್ಲಾದರೆ 1991ರಲ್ಲಿ ಶುರುವಾದ ಕ್ಯೂಪಾದಂಥ ಪ್ರಾಣಿದಯಾ ಸಂಸ್ಥೆಗಳಿವೆ. ನನಗಿರುವುದು ಡೇರಿ, ಮೆಡಿಕಲ್ ಶಾಪ್, ಬಸ್ ಕಂಡಕ್ಟರುಗಳ ಪರಿಚಯ. ಅಲ್ಲೆಲ್ಲ ಒಂದೇ ಉತ್ತರ: ‘ಬೆಳೆದ ನಾಯಿ ಒಗ್ಗಲ್ಲ ಸಾರ್, ಮರಿ ಇದ್ರೆ ಹೇಳಿ.’ ಹಾಸನದಲ್ಲೇ ಒಬ್ಬರು ಕಟ್ಟುತ್ತಿದ್ದ ಮನೆಯ ಸಿಮೆಂಟು ಕಬ್ಬಿಣ ಕಾಯಲು ಕೇಳಿದರು, ನಾನು ಕೊಡಲಿಲ್ಲ.

ಹೊಳೆನರಸೀಪುರದಲ್ಲಿ ಒಂದು ಒಳ್ಳೆಯ ಕುಟುಂಬ ಸಿಕ್ಕಿತು. ಗಂಡ, ಹೆಂಡತಿ, ಐದು ವರ್ಷದ ಮಗು. ಇಲ್ಲಿ ನಾನೊಂದು ತಪ್ಪು ಮಾಡಿದೆ. ಉಣ್ಣುವಾಗ ಯಾರಾದರೂ ಬೋಗುಣಿಯ ಹತ್ತಿರ ಬಂದರೆ ಜೂಲಿ ಗುರ್ ಅನ್ನುತ್ತಿತ್ತು. ಹಸಿದು ಬಳಲಿದ ನಾಯಿಗಳಲ್ಲಿ ಇದನ್ನು ನೋಡಿದ್ದೇನೆ. ಹೇಳಿದರೆ ಬೇಡ ಅಂದಾರು ಎಂದು ಅವರಿಗೆ ಹೇಳಲಿಲ್ಲ. ಆರನೇ ದಿನ ಮಗು ಬೋಗುಣಿಗೆ ಕೈ ಹಾಕಿತು. ಜೂಲಿ ಕಚ್ಚಲಿಲ್ಲ, ಹಲ್ಲು ತೋರಿಸಿತು. ತಾಯಿಯ ಎದೆ ಒಡೆದುಹೋಯಿತು. ಅವತ್ತೇ ಸಂಜೆ ತಂದು ಬಿಟ್ಟರು. ಅವರದೇನೂ ತಪ್ಪಿಲ್ಲ. ಎರಡನೇ ಸಲ ಮನೆ ಕಳೆದುಕೊಂಡ ಜೂಲಿ ಎರಡು ದಿನ ಅನ್ನ ಮುಟ್ಟಲಿಲ್ಲ. ಅದು ನನ್ನ ಕೈಯಿಂದ ಆದದ್ದು. ಅಂದಿನಿಂದ ನಾಯಿಯ ದೋಷಗಳನ್ನು ಮೊದಲು ಹೇಳುತ್ತೇನೆ, ಗುಣಗಳನ್ನು ಆಮೇಲೆ.

ಕೊನೆಗೆ ಫೋನ್ ಬಂದದ್ದು ಚನ್ನರಾಯಪಟ್ಟಣದ ಹತ್ತಿರದ ಒಂದು ತೆಂಗಿನ ತೋಟದ ಮನೆಯಿಂದ. ನಿವೃತ್ತ ಕನ್ನಡ ಟೀಚರು, 68 ವರ್ಷ, ಒಬ್ಬರೇ ಇರುತ್ತಾರೆ. ಗುರ್ ಅನ್ನುವುದು, ಹಿಂಗಾಲಿನ ಬಿಗಿತ, ಕಣ್ಣಿನ ಮಬ್ಬು, ಎಲ್ಲವನ್ನೂ ಹೇಳಿದೆ. ಮರಿಯನ್ನೇ ಯಾಕೆ ತರಬಾರದು ಎಂದೂ ಕೇಳಿದೆ. ‘ಮರಿ ತಂದ್ರೆ ಅದಕ್ಕೆ ಹನ್ನೆರಡು ವರ್ಷ ಆಯಸ್ಸು. ಅಷ್ಟು ದಿನ ನಾನು ಗಟ್ಟಿಯಾಗಿರ್ತೀನಾ ಡಾಕ್ಟ್ರೇ? ನನ್ ಕೈಲಾಗೋದು ನಾಲ್ಕೈದು ವರ್ಷ. ಇವಳಿಗೆ ಬೇಕಾಗಿರೋದೂ ಅಷ್ಟೇ ಅಲ್ವಾ?’ ಅಂದರು. ಇಷ್ಟು ವರ್ಷದಲ್ಲಿ ಈ ಲೆಕ್ಕ ನನಗೆ ಹೊಳೆದಿರಲಿಲ್ಲ. ವಯಸ್ಸಾದ ನಾಯಿಯನ್ನು ಯಾರು ಒಯ್ಯುತ್ತಾರೆ ಎಂದು ಕೊರಗುತ್ತಿದ್ದೆ. ಅಷ್ಟೇ ವರ್ಷಗಳ ಜೊತೆ ಬೇಕಾದವರು ಇದ್ದಾರೆ ಎಂದು ಯೋಚಿಸಿರಲಿಲ್ಲ. ಮಕ್ಕಳು ಬೆಂಗಳೂರು ಸೇರಿದ ಎಷ್ಟು ಮನೆಗಳಿಲ್ಲ ನಮ್ಮ ಜಿಲ್ಲೆಯಲ್ಲಿ!

ಆದರೂ ಒಂದು ಕೇಳಲೇಬೇಕಿತ್ತು. ‘ನೀವು ಆಸ್ಪತ್ರೆ ಸೇರುವಂತಾದರೆ?’ ಟೀಚರು ಬೇಸರಿಸಿಕೊಳ್ಳಲಿಲ್ಲ. ಪಕ್ಕದ ತೋಟದವರನ್ನು ಕರೆಸಿ ಒಪ್ಪಿಸಿದರು. ಒಂದು ಹಾಳೆಯಲ್ಲಿ ಆ ನೆರೆಯವರ ಹೆಸರು, ಲಸಿಕೆಯ ತಾರೀಖು, ಸಾಕಲು ಆಗದಿದ್ದರೆ ಬೇರೆಯವರಿಗೆ ಕೊಡದೆ ನನಗೇ ವಾಪಸು ಎಂಬ ಮಾತು ಬರೆದು ಟೀಚರೂ ನಾನೂ ಸಹಿ ಹಾಕಿದೆವು. ಸಹಿ ಹಾಕುವಾಗ ಟೀಚರು ಆತಕೂರು ಶಾಸನದ ಮಾತೆತ್ತಿದರು. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕ, ಕ್ರಿ.ಶ. 949–50ರ ಕಲ್ಲು ಅದು. ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ತಕ್ಕೋಲದ ಯುದ್ಧದಲ್ಲಿ ಮೆರೆದ ಮಣಲೇರ ಎಂಬ ವೀರ ಮೆಚ್ಚುಗೆಯಾಗಿ ಕೇಳಿ ಪಡೆದದ್ದು ಕಾಳಿ ಎಂಬ ಬೇಟೆನಾಯಿಯನ್ನು. ಹಂದಿಯೊಡನೆ ಕಾದಾಡಿ ಕಾಳಿಯೂ ಸತ್ತಿತು, ಹಂದಿಯೂ ಸತ್ತಿತು. ಅದರ ನೆನಪಿಗೆ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟರು. ‘ಹೆಸರು ಹೇಳಿ ಕೇಳಿದ ಅಂದ್ರೆ ಕಾಳಿ ಮರಿಯಾಗಿರಲಿಲ್ಲ. ಬೆಳೆದ ನಾಯಿ, ಒಡೆಯ ಬದಲಾದ ನಾಯಿ. ಹೊಸಬನಿಗೆ ಒಗ್ಗಲಿಲ್ವಾ?’ ಎಂದರು ಟೀಚರು.

ಒಪ್ಪಿಸುವ ಮುಂಚೆ ಎರಡು ಸಲ ಜೂಲಿಯನ್ನು ಅಲ್ಲಿಗೆ ಕರೆದೊಯ್ದು ವಾಪಸು ತಂದೆ. ಮೂರನೇ ಸಲ ಬಿಡುವಾಗ ಅದರ ಗೋಣಿಚೀಲವನ್ನು ಒಗೆಯದೆ ಕೊಟ್ಟೆ. ಹೊಸ ಜಾಗದಲ್ಲಿ ತನ್ನ ವಾಸನೆ ಇದ್ದರೆ ನಾಯಿಗೆ ಧೈರ್ಯ. ಬೋಗುಣಿ ಅದೇ, ಹೆಸರು ಅದೇ. ಮೊದಲ ವಾರ ಸ್ನಾನ ಬೇಡ, ನೆಂಟರು ಬೇಡ, ಹೊರಗೆ ಹೋದರೆ ಬೆಲ್ಟು ಬಿಡಲೇಬೇಡಿ ಎಂದೆ, ಏಕೆಂದರೆ ಹಳೇ ಜಾಗ ಹುಡುಕಿ ಓಡಿಹೋಗುವುದು ಆ ದಿನಗಳಲ್ಲೇ. ಗೋಬರ್ ಗ್ಯಾಸ್ ಗುಂಡಿಗೆ ಬೇಲಿ ಹಾಕಿಸಿದೆವು. ತೆಂಗಿನ ಮರದ ಬುಡದಲ್ಲಿ ಕಟ್ಟಬೇಡಿ, ಕಾಯಿ ಗರಿ ಬೀಳುತ್ತವೆ ಎಂದೆ. ಊಟವನ್ನು ಏಳು ದಿನದಲ್ಲಿ ಸ್ವಲ್ಪಸ್ವಲ್ಪವಾಗಿ ಬದಲಿಸಬೇಕು. ಈರುಳ್ಳಿ ಹಾಕಿದ ಸಾರು ಬೇಡವೇ ಬೇಡ. ಇನ್ನು ಗುರ್ ಅನ್ನುವುದಕ್ಕೆ, ಹೊಡೆಯುವುದೂ ಇಲ್ಲ, ಬೋಗುಣಿ ಕಿತ್ತುಕೊಳ್ಳುವುದೂ ಇಲ್ಲ. ಜೂಲಿ ಉಣ್ಣುವಾಗ ದೂರ ನಿಂತು ಬೇಯಿಸಿದ ಮೊಟ್ಟೆಯ ಚೂರು ಎಸೆದು ಹೊರಟುಬಿಡಬೇಕು. ಹತ್ತಿರ ಬರುವವರು ಕೊಡಲು ಬರುತ್ತಾರೆ, ಕಸಿಯಲು ಅಲ್ಲ ಎಂದು ಅದಕ್ಕೆ ತಿಳಿಯಬೇಕು. ಟೀಚರು ಅಂಗಳದಲ್ಲಿ ಸೀಮೆಸುಣ್ಣದಿಂದ ಗೆರೆ ಎಳೆದುಕೊಂಡರು. ವಾರಕ್ಕೊಂದು ಗೆರೆ ಮುಂದೆ.

ಮೊದಲ ಮೂರು ದಿನ ಜೂಲಿ ಹಟ್ಟಿಯ ಮೂಲೆ ಬಿಡಲಿಲ್ಲ. ಮೂರನೇ ವಾರ ಜಗಲಿಗೆ ಬಂತು. ಮೂರನೇ ತಿಂಗಳು ಅಡುಗೆಮನೆ ಹೊಸ್ತಿಲಿಗೆ ತಲೆ ಕೊಟ್ಟು ಮಲಗುತ್ತಿತ್ತು. ಒಂದು ಬೆಳಿಗ್ಗೆ ಟೀಚರ ಫೋನ್. ಏನಾಯಿತೋ ಎಂದು ಗಾಬರಿಯಾಯಿತು.

‘ಗೆರೆ ಮುಗೀತು ಡಾಕ್ಟ್ರೇ. ಇವತ್ತು ಮೊಟ್ಟೆಚೂರನ್ನ ಬೋಗುಣಿಗೇ ಹಾಕಿದೆ. ತಲೆ ಎತ್ತಿ ನನ್ನ ನೋಡಿದ್ಲು, ಮತ್ತೆ ಉಣ್ಣೋಕೆ ಶುರುಮಾಡಿದ್ಲು.’