ಕಟ್ಟಿ ಮೇಲಿನ ಆಟ ಇಂಗ್ಲೆಂಡಿಗೆ ಹೋಗಿ ಬಂದದ್ದು

ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಮಕ್ಕಳ ಆಟದ ಸಾಮಾನು ಕೇಳಿದರೆ ಅಂಗಡಿಯವರು ಮೊದಲು ತೆಗೆದು ಕೊಡುವುದು ಮಡಚುವ ಒಂದು ರಟ್ಟು. ಒಂದು ಮಗ್ಗುಲಿಗೆ ಲೂಡೊ, ಇನ್ನೊಂದು ಮಗ್ಗುಲಿಗೆ ಹಾವು ಏಣಿ. ಎರಡೂ ಈಗಿನ ರೂಪಕ್ಕೆ ಬಂದದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯ ಇಂಗ್ಲೆಂಡಿನಲ್ಲಿ. ಆದರೆ ಲೂಡೊದ ತಾಯಿ ಪಗಡೆ. ಹಾವು ಏಣಿಯ ತಾಯಿ ಮೋಕ್ಷಪಟ. ಹೋಗುವಾಗ ಇವುಗಳ ಜೊತೆ ಏನೇನಿತ್ತು, ಬರುವಾಗ ಏನು ಉಳಿದಿತ್ತು ಎಂಬ ಲೆಕ್ಕ ಹಾಕಲು ಧಾರವಾಡ ಸೀಮೆಗಿಂತ ಒಳ್ಳೆಯ ಜಾಗ ಸಿಗಲಿಕ್ಕಿಲ್ಲ.

ಯಾಕೆಂದರೆ ಕನ್ನಡದ ಎರಡು ದೊಡ್ಡ ಭಾರತಗಳ ನಂಟೂ ಈ ನೆಲಕ್ಕಿದೆ. ಹತ್ತನೆಯ ಶತಮಾನದಲ್ಲಿ ‘ವಿಕ್ರಮಾರ್ಜುನ ವಿಜಯ’ ಬರೆದ ಪಂಪನ ತಾಯಿ ಅಬ್ಬಣಬ್ಬೆಯ ತವರು ಅಣ್ಣಿಗೇರಿ. ‘ಕರ್ಣಾಟ ಭಾರತ ಕಥಾಮಂಜರಿ’ಯ ಕುಮಾರವ್ಯಾಸ ಹುಬ್ಬಳ್ಳಿ ತಾಲ್ಲೂಕಿನ ಕೋಳಿವಾಡದವನು. ಇಬ್ಬರ ಕತೆಯೂ ತಿರುಗುವುದು ದ್ಯೂತದ ಹಾಸಿನ ಮೇಲೆಯೇ. ಇಬ್ಬರ ನಡುವಿನ ಕಾಲದಲ್ಲಿ, ಈ ಸೀಮೆ ಕಲ್ಯಾಣದ ಚಾಲುಕ್ಯರ ಆಳ್ವಿಕೆಯಲ್ಲಿದ್ದಾಗ, ದೊರೆ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ ಬರೆದ. ಅರಮನೆಯ ಬದುಕಿನ ಆ ವಿಶ್ವಕೋಶದಲ್ಲಿ ಚದುರಂಗ, ದಾಳದಾಟ, ಕವಡೆಯಾಟಗಳಿಗೆ ಪ್ರತ್ಯೇಕ ಅಧ್ಯಾಯಗಳೇ ಇವೆ. ಅರಮನೆಯ ಹೊರಗೂ ಆಟ ಇತ್ತು ಎನ್ನುವುದಕ್ಕೆ ಕಲ್ಲೇ ಸಾಕ್ಷಿ: ಐಹೊಳೆ, ಪಟ್ಟದಕಲ್ಲು, ಹಂಪಿಯ ಹಳೆಯ ಕಟ್ಟಡಗಳ ಹಾಸುಗಲ್ಲಿನ ಮೇಲೆ ಚೌಕಗಳನ್ನೂ ಗುಳಿಗಳನ್ನೂ ಕೊರೆದಿದ್ದಾರೆ. ಯಾರು, ಯಾವಾಗ ಕೊರೆದರೋ, ಬಿಡುವಿದ್ದವರಂತೂ ಹೌದು.

ಪಗಡೆಯ ಹಾಸು ಕೂಡಿಸು ಚಿಹ್ನೆಯಂತೆ ನಾಲ್ಕು ತೋಳು ಚಾಚಿರುತ್ತದೆ. ಒಂದೊಂದು ತೋಳಿಗೆ ಮೂರು ಸಾಲು, ಸಾಲಿಗೆ ಎಂಟು ಮನೆ. ಒಟ್ಟು 96 ಮನೆ. ಬಟ್ಟೆಯ ಮೇಲೆ ಹೊಲಿದ ಹಾಸನ್ನು ಮಡಚಿ ಗಂಟು ಕಟ್ಟಿಡಬಹುದು. ನಾಲ್ಕು ಬಣ್ಣದ ಹದಿನಾರು ಕಾಯಿ, ಉದ್ದನೆಯ ದಾಳಗಳು. ಎದುರುಬದುರು ಕೂತವರು ಒಂದೇ ಪಕ್ಷ. ನನ್ನ ಕಾಯಿ ಸುತ್ತು ಮುಗಿಸಿ ಹಣ್ಣಾದರೆ ಸಾಲದು, ಜೊತೆಗಾರನದೂ ಆಗಬೇಕು. ಒಂದೇ ಬಣ್ಣದ ಎರಡು ಕಾಯಿ ಒಂದು ಮನೆಯಲ್ಲಿ ಸೇರಿ ಜೋಡಿಯಾದರೆ ಒಂಟಿ ಕಾಯಿ ಅದನ್ನು ಹೊಡೆಯುವಂತಿಲ್ಲ. ಒಂದು ದಾಳದ ಲೆಕ್ಕವನ್ನು ಒಂದು ಕಾಯಿಗೂ ಇನ್ನೊಂದರದನ್ನು ಬೇರೆ ಕಾಯಿಗೂ ಹಂಚಬಹುದು. ಬಿದ್ದ ದಾಳ ದೈವದ್ದು, ಹಂಚುವ ಲೆಕ್ಕ ಆಡುವವನದು. ಹಿಂದೆ ನಿಂತವರು ಬಾಯಿ ಹಾಕುವುದೂ ಜಗಳ ಹತ್ತುವುದೂ ಈ ಹಂಚಿಕೆಯ ಹೊತ್ತಿಗೇ.

ಬಡವರ ಪಗಡೆ ಎಂದರೆ ಚೌಕಾಬಾರಾ. ಕಟ್ಟಿಮನಿ, ಚಕ್ಕಾ ಎಂದೂ ಹೆಸರಿದೆ. ಇದಕ್ಕೆ ಹಾಸೂ ಬೇಡ, ದಾಳವೂ ಬೇಡ. ಕಟ್ಟಿಯ ಮೇಲೆ ಸೀಮೆಸುಣ್ಣದಿಂದ ಐದಕ್ಕೆ ಐದು, 25 ಮನೆ ಗೀರಿದರಾಯಿತು. ಕಾಯಿಗೆ ಬಳಿಚೂರು, ಹುಣಸಿಬೀಜ, ಕಡ್ಡಿ, ಏನು ಸಿಕ್ಕರೂ ನಡೆಯುತ್ತದೆ. ಉರುಳಿಸಲು ನಾಲ್ಕು ಕವಡಿ. ಅವೂ ಇಲ್ಲವಾದರೆ ಹುಣಸಿಬೀಜವನ್ನು ಕಲ್ಲಿಗೆ ತಿಕ್ಕಿ ಒಂದು ಮಗ್ಗುಲು ಬೆಳ್ಳಗೆ ಮಾಡಿಕೊಳ್ಳುವುದು. ನಾಲ್ಕೂ ಅಂಗಾತ ಬಿದ್ದರೆ ಚೌಕ, ನಾಲ್ಕೂ ಬೋರಲು ಬಿದ್ದರೆ ಎಂಟು ಮನೆ ನಡೆಸುವ ಬಾರಾ. ಎರಡಕ್ಕೂ ಮತ್ತೊಂದು ಸಲ ಉರುಳಿಸುವ ಹಕ್ಕು ಸಿಗುತ್ತದೆ. ಹೊರಸುತ್ತಿನ 16 ಮನೆ ಮುಗಿಸಿ ಒಳಸುತ್ತಿನ ಎಂಟಕ್ಕೆ ಇಳಿಯಬೇಕಾದರೆ ಎದುರಾಳಿಯ ಒಂದು ಕಾಯಿಯನ್ನಾದರೂ ಹೊಡೆದಿರಲೇಬೇಕು. ಯಾರ ತಂಟೆಗೂ ಹೋಗದವನು ಹೊರಗೇ ಸುತ್ತುತ್ತಾನೆ.

ಇದೇ ಪಗಡೆಯ ಕುಟುಂಬದ, ಕವಡೆಯಿಂದ ಆಡುವ ಪಚೀಸಿ ಕಡಲು ದಾಟಿತು. ಅಮೆರಿಕದ ಸೆಲ್ಚೌ ಕಂಪನಿ 1874ರಲ್ಲಿ ‘ಪಾರ್ಚೀಸಿ’ ಎಂಬ ಹೆಸರನ್ನು ನೋಂದಾಯಿಸಿತು. ಇಂಗ್ಲೆಂಡಿನಲ್ಲಿ 1896ರಲ್ಲಿ ಲೂಡೊಕ್ಕೆ ಪೇಟೆಂಟ್ ಆಯಿತು. ಸಾಲಿಗೆ ಎಂಟಿದ್ದ ಮನೆ ಆರಕ್ಕಿಳಿದವು. ಕವಡೆಯ ಜಾಗಕ್ಕೆ ಆರು ಮುಖದ ಒಂದೇ ದಾಳ ಬಂತು. ಕಾಯಿಗಳು ಸುತ್ತುವ ದಿಕ್ಕು ತಿರುಗಿತು. ಜೊತೆಗಾರ ಹೋದ, ಎಲ್ಲರೂ ಒಬ್ಬೊಬ್ಬರೇ ಆದರು. ಒಂದೇ ದಾಳವಾದ ಮೇಲೆ ಹಂಚುವ ಲೆಕ್ಕವೂ ಇಲ್ಲ. ಆರು ಬೀಳಲಿ ಎಂದು ಕಾಯುವುದೇ ಆಟದ ಅರ್ಧ ಭಾಗವಾಯಿತು. ಐದು ವರ್ಷದ ಮಗುವೂ ಅಜ್ಜನೂ ಸರಿಸಮ ಕೂತು ಆಡಲು ಬಂದದ್ದು ಇದರಿಂದಲೇ ಎನ್ನುವುದನ್ನೂ ಒಪ್ಪಬೇಕು.

ಹಾವು ಏಣಿಯದು ಇನ್ನೊಂದು ಬಗೆ. ಮೋಕ್ಷಪಟವನ್ನು ಸಂತ ಜ್ಞಾನೇಶ್ವರರು ರಚಿಸಿದರೆಂಬ ಪ್ರತೀತಿ ಮಹಾರಾಷ್ಟ್ರದಲ್ಲಿದೆ. ಜೈನರಲ್ಲೂ ವೈಷ್ಣವರಲ್ಲೂ ಅವರವರದೇ ಪಟಗಳಿದ್ದವು. ಏಣಿಗೆ ದಾನ, ಭಕ್ತಿಯಂಥ ಗುಣಗಳ ಹೆಸರು. ಹಾವಿಗೆ ಲೋಭ, ಕೋಪದಂಥವುಗಳ ಹೆಸರು. ತುದಿಯ ಮನೆ ವೈಕುಂಠವೋ ಮೋಕ್ಷವೋ. ಏಣಿಗಿಂತ ಹಾವೇ ಹೆಚ್ಚಿರುವ ಪಟಗಳು ಸಾಮಾನ್ಯ. 1890ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಅಚ್ಚಾದಾಗ ಅಲ್ಲಿನ ಗುಣಾವಗುಣಗಳು ಮನೆ ಹಿಡಿದವು, ಬರಬರುತ್ತಾ ಹಾವು ಏಣಿಗಳ ಸಂಖ್ಯೆ ಹೆಚ್ಚುಕಡಿಮೆ ಸಮವಾಯಿತು. ಕೊನೆಗೆ ಹೆಸರುಗಳೂ ಅಳಿಸಿದವು. ಈಗ ಹಾವು ನುಂಗುತ್ತದೆ, ಯಾವ ತಪ್ಪಿಗೆ ಎಂದು ಹೇಳುವುದಿಲ್ಲ.

ಅದೇ ಶತಮಾನದಲ್ಲಿ ಮೈಸೂರಿನಲ್ಲಿ ಆಟಗಳು ಎದುರು ದಿಕ್ಕಿಗೆ ನಡೆದಿದ್ದವು. 1831ರಲ್ಲಿ ಬ್ರಿಟಿಷರು ಆಡಳಿತ ಕಿತ್ತುಕೊಂಡ ಮೇಲೆ ಮುಮ್ಮಡಿ ಕೃಷ್ಣರಾಜ ಒಡೆಯರು ಕಲೆ, ಸಾಹಿತ್ಯಗಳ ಜೊತೆ ಆಟಗಳಿಗೂ ಮನಸ್ಸು ಕೊಟ್ಟರು. ಹಳೆಯವನ್ನು ಕೂಡಿಹಾಕಿದರು, ಮೊದಲಿಗಿಂತ ತೊಡಕಾದ ಹೊಸವನ್ನು ಕಟ್ಟಿದರು. ಅವರ ‘ಶ್ರೀತತ್ತ್ವನಿಧಿ’ಯ ಒಂದು ಭಾಗವಾದ ‘ಕೌತುಕನಿಧಿ’ ಆಟಗಳಿಗೇ ಮೀಸಲು. ಜಗನ್ಮೋಹನ ಅರಮನೆಯ ಗೋಡೆಯ ಮೇಲೆ ಆ ಹಾಸುಗಳ ಚಿತ್ರಗಳಿವೆ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನ ಅರ್ವಿಂಗ್ ಫಿಂಕೆಲ್ ಅವುಗಳನ್ನು ಅಧ್ಯಯನ ಮಾಡಿದ್ದಾರೆ. ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನ ‘ಕ್ರೀಡಾ ಕೌಶಲ್ಯ’ ಎಂಬ ಪ್ರದರ್ಶನಗಳ ಮೂಲಕ ಹಳೆಯ ಆಟಗಳನ್ನು ಮತ್ತೆ ಜನರ ಕೈಗೆ ತಂದಿದೆ.

ಉತ್ತರ ಕರ್ನಾಟಕದಲ್ಲಿ ಈ ಆಟಗಳನ್ನು ಕಾಯ್ದದ್ದು ಪಂಚಾಂಗ. ನಾಗರ ಪಂಚಮಿಗೆ ನೆಲ ಅಗೆಯಬಾರದು, ನೇಗಿಲು ಹೂಡಬಾರದು. ಮುಂಗಾರಿನ ಬಿತ್ತನೆ ಮುಗಿದಿರುತ್ತದೆ, ಎರಿಹೊಲ ಕಾಲಿಡಲಾರದಷ್ಟು ಹಸಿಯಾಗಿರುತ್ತದೆ. ಮದುವೆಯಾಗಿ ಹೋದ ಹೆಣ್ಣುಮಕ್ಕಳು ತವರಿಗೆ ಬಂದಿರುತ್ತಾರೆ. ಉಂಡಿ, ಅಳ್ಳು, ಜೋಕಾಲಿ, ನಿಂಬೆಹಣ್ಣು ಎಸೆಯುವ ಪಂದ್ಯಗಳ ನಡುವೆ ಪಡಸಾಲೆಯಲ್ಲಿ ಕವಡಿ ಸದ್ದು, ಗುಡಿಕಟ್ಟಿಯ ಮೇಲೆ ಪಗಡಿ. ಯುಗಾದಿಗೂ ಪಗಡಿ ಹಾಸು ಹೊರಬೀಳುವ ಊರುಗಳಿವೆ. ಕೆಲಸ ಮಾಡಬಾರದೆಂಬ ಕಟ್ಟಳೆ ಇರುವ ದಿನ ಆಡಿದರೆ ಯಾರೂ ಮೈಗಳ್ಳ ಎನ್ನುವುದಿಲ್ಲ.

ಮುಂಬೈಯ ಗೇಮೇಶನ್ ಕಂಪನಿ 2016ರಲ್ಲಿ ತಂದ ‘ಲೂಡೊ ಕಿಂಗ್’ 2020ರ ಲಾಕ್‌ಡೌನಿನಲ್ಲಿ ಮನೆಮನೆಯ ಮೊಬೈಲು ಹೊಕ್ಕಿತು. ಅದಕ್ಕೆ ಹಬ್ಬ ಬರುವತನಕ ಕಾಯಬೇಕಿಲ್ಲ. ತಪ್ಪು ನಡೆಯನ್ನು ಅದು ಬಿಡುವುದೂ ಇಲ್ಲ, ಆದ್ದರಿಂದ ವಾದಕ್ಕೆ ಎಡೆಯಿಲ್ಲ. ಚೌಕಾಬಾರಾದಲ್ಲಿ ಹಾಗಲ್ಲ. ಮೂರು ಸಲ ಒಂದೇ ಸಮನೆ ಚೌಕ ಬಿದ್ದರೆ ಲೆಕ್ಕಕ್ಕಿದೆಯೋ ಸುಟ್ಟುಹೋಯಿತೋ, ಜೋಡಿಯಾಗಿ ಗಟ್ಟಿ ಕಟ್ಟಿದ ಕಾಯಿಯನ್ನು ಬಿಡಿಸಬಹುದೋ ಇಲ್ಲವೋ, ಓಣಿಗೊಂದು ಕಾಯ್ದೆ. ಕುಂದಗೋಳದಿಂದ ಬಂದ ಸೊಸೆ ನವಲಗುಂದದ ಅತ್ತೆಯ ಎದುರು ಕೂತರೆ ಮೊದಲ ಮಾತೇ “ನಿಮ್ಮೂರಾಗ ಹೆಂಗ್ರಿ ಅತ್ತಿ?” ಕಾಯ್ದೆ ತೀರ್ಮಾನವಾದ ಮೇಲೆಯೇ ಕವಡಿ ಕೈಗೆ. ಇಂಗ್ಲೆಂಡಿನವರು ಅಚ್ಚು ಹಾಕಿ ನೋಂದಾಯಿಸಲು ಸಾಧ್ಯವಾದದ್ದು ಹಾಸು, ಕಾಯಿ, ದಾಳ ಮಾತ್ರ. ಈ ತೀರ್ಮಾನವನ್ನು ಪ್ರತಿ ಸಲವೂ ಆಡುವವರೇ ಕೂತು ಮಾಡಿಕೊಳ್ಳಬೇಕು.